ಗ್ವಾಡಿಗ ಬೂಷ್ಟು ಹತ್ಯದ, ಈಗ ಯಾರನ್ನ ಕರೀಬೇಕು?

2020ರ ಅಕ್ಟೋಬರ್‌ದಾಗ ಒಮ್ಮಿ, 2025ರ ಸೆಪ್ಟೆಂಬರ್ ಕೊನಿಗೆ ಮತ್ತೊಮ್ಮಿ ಭೀಮಾ ಹೊಳಿ ತುಂಬಿ ಊರೊಳಗ ಬಂತು. ಅಫಜಲಪುರ, ಜೇವರ್ಗಿ, ಅತ್ಲಾಗ ಯಾದಗಿರಿ ತನಕ ಎಷ್ಟೋ ಮನಿ ಗ್ವಾಡಿ ನೀರು ಕುಡದ್ವು. ಹೊಳಿ ದಂಡಿಗಿಲ್ಲದ ಕಲಬುರಗಿ ಸಿಟಿಯಾಗೂ ಮಳಿ ಒಂದಿಷ್ಟು ಜಗ್ಗಿ ಆದ್ರ ಸಾಕು, ಅಲ್ಮಾರಿ ಹಿಂದ ಕರಿ ಚುಕ್ಕಿ, ಬಾತ್‌ರೂಮ್ ಹಿಂದಿನ ಗ್ವಾಡಿಗ ಹಸರ ಪಟ್ಟಿ, ಛತ್ತಿನ ಮೂಲ್ಯಾಗ ನಕಾಶೆ ಬಿಡಿಸಿದಂಗ ಕಲಿ. ಫೋಟೋ ಹೊಡದು ಫ್ಯಾಮಿಲಿ ಗ್ರೂಪ್‌ನ್ಯಾಗ ಹಾಕ್ತಾರ, ಯಾರೋ ಒಬ್ಬರು ವಿಡಿಯೋ ಫಾರ್ವರ್ಡ್ ಮಾಡ್ತಾರ, ಆ ವಿಡಿಯೋದಾಗ ಒಬ್ಬ ಬಿಳಿ ಸೂಟ್ ಹಾಕ್ಕೊಂಡು ಮಾಸ್ಕ್ ಕಟ್ಕೊಂಡು ಇಂಗ್ಲಿಷ್‌ದಾಗ ಹೇಳ್ತಾನ, ಕರಿ ಬೂಷ್ಟು ವಿಷ, ಮುಟ್ಟಬ್ಯಾಡ್ರಿ, ಪ್ರೊಫೆಷನಲ್ ಕರೀರಿ ಅಂತ.

ಕರಿಯೋಣ. ಯಾರನ್ನ? ಅಮೆರಿಕದಾಗ ಈ ಒಂದು ಕೆಲಸಕ್ಕಂತನೇ ಕಂಪನಿಗಳು ಅವ, ಟೆಕ್ಸಸ್‌ನಂಥ ರಾಜ್ಯದಾಗ ಲೈಸೆನ್ಸ್ ಬೇಕು, ಬೂಷ್ಟು ತಪಾಸಣಿ ಮಾಡಿದವನೇ ಅದೇ ಮನಿ ಸ್ವಚ್ಛ ಮಾಡೋ ಗುತ್ತಿಗಿ ಹಿಡೀಬಾರದು ಅಂತ ಕಾನೂನೂ ಅದ. ಕಲಬುರಗಿಯಾಗ ಫೋನ್ ಹಚ್ಚಿದ್ರ ಬರೋರು ಪೇಂಟರ್, ಗೌಂಡಿ, ಪ್ಲಂಬರ್, ಈಗೀಗ ವಾಟರ್‌ಪ್ರೂಫಿಂಗ್ ಕಾಂಟ್ರ್ಯಾಕ್ಟರ್. ಇವರ ಪೈಕಿ ಯಾರನ್ನ ಮೊದಲ ಕರೀತೀರಿ ಅನ್ನೋದ್ರ ಮ್ಯಾಲ ನಿಮ್ಮ ರೊಕ್ಕ ಉಳೀತದೋ ಮುಳಗ್ತದೋ ನಿರ್ಧಾರ ಆಗ್ತದ. ಭಾಳ ಮಂದಿ ಮೊದಲ ಪೇಂಟರ್‌ನ ಕರೀತಾರ. ನನ್ನ ಕೇಳಿದ್ರ ಅವನು ಎಲ್ಲಾರಕಿಂತ ಕೊನಿಗೆ ಬರಬೇಕಾದವ. ನೀರು ಎಲ್ಲಿಂದ ಬರ್ಲತ್ತದ ಅನ್ನೋದು ಗೊತ್ತಾಗೋ ತನಕ ಬೂಷ್ಟಿನ ಸೈಜ್, ಬಣ್ಣ, ಹೆಸರು ಯಾವುದಕ್ಕೂ ಹೆಚ್ಚು ಕಿಮ್ಮತ್ತಿಲ್ಲ.

ಆ ವಿಡಿಯೋಗಳೊಳಗ ಒಂದು ಅಳತಿ ಪದೇ ಪದೇ ಬರ್ತದ, 10 ಚದರ ಅಡಿ. ಅದು ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹಾಕಿದ ಗೆರಿ. ಬೂಷ್ಟು ಹತ್ತಿದ ಜಾಗ ಹೆಚ್ಚುಕಮ್ಮಿ 3 ಅಡಿಗೆ 3 ಅಡಿಯೊಳಗ ಇದ್ರ ಮನಿಯವರೇ ತೊಳ್ಕೋಬಹುದು, ಅದನ್ನ ದಾಟಿದ್ರ ತಿಳದವರನ್ನ ಕೇಳ್ರಿ ಅಂತ. ಸಾಲಿ, ಆಫೀಸಿನಂಥ ಕಟ್ಟಡಗಳಿಗೆ ಅವರ 2001ರ ಗೈಡ್‌ದಾಗ 10ರಿಂದ 100 ಚದರ ಅಡಿ ಮಧ್ಯಮ, 100 ದಾಟಿದ್ರ ದೊಡ್ಡದು. ತಪ್ಪೇನಿಲ್ಲ, ಆದ್ರ ಆ ಗೆರಿ ಎಂಥ ಮನಿ ನೋಡಿ ಹಾಕಿದ್ದು ಅಂತ ಯಾರೂ ಹೇಳಂಗಿಲ್ಲ. ಅಲ್ಲಿ ಕಟ್ಟಿಗಿ ಚೌಕಟ್ಟಿನ ಮನಿ, ಗ್ವಾಡಿ ಅಂದ್ರ ಎರಡೂ ಕಡಿ ಕಾಗದ ಅಂಟಿಸಿದ ಜಿಪ್ಸಂ ಬೋರ್ಡ್, ನಡುವ ಖಾಲಿ. ಬೂಷ್ಟಿಗೆ ಆ ಕಾಗದನೇ ಊಟ. ಹೊರಗ ಒಂದು ಅಡಿ ಕಂಡ್ರ ಒಳಗ ಎಷ್ಟದ ಅಂತ ಬೋರ್ಡ್ ಒಡೆಯೋ ತನಕ ಗೊತ್ತಾಗಂಗಿಲ್ಲ. ಅದಕ್ಕ ಅವರು ಅಷ್ಟು ಸಣ್ಣ ಅಳತಿಗೇ ಹುಷಾರಾಗ್ತಾರ.

ನಮ್ಮ ಗ್ವಾಡಿ ಇಟ್ಟಂಗಿದು ಇಲ್ಲಾ ಶಹಾಬಾದ್ ಕಲ್ಲಿಂದು, ಮ್ಯಾಲ ಸಿಮೆಂಟ್ ಪ್ಲಾಸ್ಟರ್. ಕಲ್ಲು ಸಿಮೆಂಟ್ ತಿಂದು ಬೂಷ್ಟು ಬೆಳೆಯಂಗಿಲ್ಲ. ಅದು ಪೇಂಟ್ ಮ್ಯಾಲ, ಪೇಂಟಿನ ಮ್ಯಾಲ ಕುಂತ ಧೂಳಿನ ಮ್ಯಾಲ, ಅಡಗಿ ಮನ್ಯಾಗಾದ್ರ ಒಗ್ಗರಣಿ ಹೊಗಿಯ ಜಿಡ್ಡಿನ ಮ್ಯಾಲ ಬದುಕ್ತದ. ಅಂದ್ರ ಮ್ಯಾಲ ಕಾಣಿಸೋದೇ ಬಹುತೇಕ ಪೂರಾ ಇರ್ತದ. ಹಿಂಗಾಗಿ ಬಾತ್‌ರೂಮಿನ ಸಿಮೆಂಟ್ ಗ್ವಾಡಿಗ 20 ಚದರ ಅಡಿ ಬೂಷ್ಟು ಹತ್ತಿ, ಕಾರಣ ಬರೇ ಗೀಜರ್ ಹಬಿ ಅಂತ ಗೊತ್ತಿದ್ರ, ಅದನ್ನ ಒಂದು ರವಿವಾರ ಕುಂತು ನೀವೇ ತಿಕ್ಕಿ ತೊಳೀಬಹುದು. ಅದೇ ಹಾಲ್‌ದಾಗ ಹೊಸ ಫಾಲ್ಸ್ ಸೀಲಿಂಗ್ ಹಾಕಿಸೀರಿ, ಅದ್ರ ಜಿಪ್ಸಂ ಬೋರ್ಡಿಗೆ ಅಂಗೈಯಗಲ ಕಲಿ ಬಂದದ ಅಂದ್ರ ಅದು ಸಣ್ಣದಲ್ಲ, ಯಾಕಂದ್ರ ಅಲ್ಲಿ ನೀವು ಅಮೆರಿಕದ ಮನಿಯನ್ನೇ ಛತ್ತಿಗೆ ತೂಗು ಹಾಕ್ಕೊಂಡೀರಿ. ಪ್ಲೈವುಡ್ ವಾರ್ಡ್‌ರೋಬ್, ಮಾಡ್ಯುಲರ್ ಕಿಚನ್ನಿನ ಎಂಡಿಎಫ್, ವಾಲ್‌ಪೇಪರ್ ಇವಕ್ಕೂ ಇದೇ ಮಾತು. ಕಟ್ಟಿಗಿ ನಾರು ಒತ್ತಿ ಮಾಡಿದ ಎಂಡಿಎಫ್ ಒಮ್ಮಿ ನೀರು ಕುಡದು ಉಬ್ಬಿದ್ರ ತಿಕ್ಕಿ ಉಪಯೋಗಿಲ್ಲ, ಬಿಚ್ಚಿ ಒಗೀಬೇಕು.

ಬಣ್ಣದ ವಿಷಯಕ್ಕ ಬರ್ತೀನಿ. 2021ರ ಮೇ ತಿಂಗಳದಾಗ ಕೋವಿಡ್ ಎರಡನೇ ಅಲಿಯೊಳಗ ‘ಬ್ಲ್ಯಾಕ್ ಫಂಗಸ್’ ಅನ್ನೋ ಹೆಸರು ಕೇಳಿದ ಮಂದಿ ಇವತ್ತಿಗೂ ಗ್ವಾಡಿ ಮ್ಯಾಲ ಕರಿ ಕಲಿ ಕಂಡ್ರ ಅದನ್ನೇ ನೆನಸ್ಕೋತಾರ. ಎರಡೂ ಬ್ಯಾರೆ. ಅದು ಮ್ಯೂಕರ್‌ಮೈಕೋಸಿಸ್, ಸಕ್ಕರಿ ಕಾಯಿಲಿ ಹತೋಟಿ ತಪ್ಪಿದವರಿಗೆ, ಸ್ಟೀರಾಯ್ಡ್ ಜಾಸ್ತಿ ತಗೊಂಡವರಿಗೆ ಬಂದ ಬ್ಯಾನಿ, ಅದ್ರ ಫಂಗಸ್ ಜಾತಿನೇ ಬ್ಯಾರೆ, ಅದು ಮಣ್ಣಾಗ, ಕೊಳತ ಎಲಿ ತಪ್ಪಲದಾಗ ಇರೋದು. ಗ್ವಾಡಿ ಮ್ಯಾಲ ಬರೋವು ಹೆಚ್ಚಾಗಿ ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್, ಪೆನಿಸಿಲಿಯಂ, ಆಲ್ಟರ್ನೇರಿಯಾ ಇಂಥವು. ಇನ್ನ ವಿಡಿಯೋದವರು ‘ವಿಷದ ಕರಿ ಬೂಷ್ಟು’ ಅಂತ ಹೆದರಸೋ ಸ್ಟ್ಯಾಕಿಬೋಟ್ರಿಸ್ ಬೆಳೀಬೇಕಂದ್ರ ಸದಾ ಒದ್ದಿ ಇರೋ ಕಾಗದ, ರಟ್ಟು, ಜಿಪ್ಸಂ ಬೋರ್ಡ್ ಬೇಕು. ಕರಿ ಇದ್ದದ್ದೆಲ್ಲಾ ಅದೇ ಅಲ್ಲ, ಬಿಳಿ ಇದ್ದದ್ದು ಪಾಪದ್ದೂ ಅಲ್ಲ. ಲ್ಯಾಬಿಗೆ ಕಳಿಸಿ ಜಾತಿ ಪತ್ತಿ ಹಚ್ಚೋದು ಮನಿ ಮಟ್ಟಿಗೆ ದಂಡ ಖರ್ಚು, ಯಾವ ಜಾತಿ ಆದ್ರೂ ಮಾಡೋ ಕೆಲಸ ಒಂದೇ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿನೂ ಇದನ್ನೇ ಹೇಳ್ತದ. ವಿಶ್ವ ಆರೋಗ್ಯ ಸಂಸ್ಥೆ 2009ರಾಗ ಮನಿಯೊಳಗಿನ ತೇವ ಮತ್ತ ಬೂಷ್ಟಿನ ಬಗ್ಗೆ ದೊಡ್ಡ ಮಾರ್ಗಸೂಚಿ ತಂತು, ಅದ್ರಾಗೂ ‘ಇಷ್ಟು ಬೂಷ್ಟಿದ್ರ ಸೇಫ್’ ಅನ್ನೋ ಸಂಖ್ಯೆ ಇಲ್ಲ, ತೇವ ಉಳಿಯಂಗ ಬಿಡಬ್ಯಾಡ್ರಿ ಅನ್ನೋದೇ ಅದ್ರ ಸಾರ.

ಬಿಳಿ ಅಂದ್ನಲ್ಲ, ನಮ್ ಕಡಿ ಗ್ವಾಡಿ ಬುಡಕ್ಕ ಬರೋ ಬಿಳಿ ಬಿಳಿ ಹತ್ತಿಯಂಥದ್ದು ಎಷ್ಟೋ ಸಲಿ ಬೂಷ್ಟೇ ಅಲ್ಲ, ಉಪ್ಪು. ನೆಲದ ನೀರು ಗ್ವಾಡಿ ಏರಿ ಹೊರಗ ಬಂದು ಆರಿದಾಗ ಅದ್ರಾಗಿನ ಉಪ್ಪು ಮ್ಯಾಲ ಉಳೀತದ. ಒಂದು ಚೂರು ಕೆರದು ನೀರಿನ ಹನಿ ಹಾಕ್ರಿ, ಕರಗಿದ್ರ ಉಪ್ಪು. ಅದಕ್ಕ ಫಂಗಸ್ ಔಷಧ ಹೊಡಿಯೋದು ವ್ಯರ್ಥ, ಆದ್ರ ಗ್ವಾಡಿಯೊಳಗ ನೀರು ಏರ್ಲತ್ತದ ಅನ್ನೋದಕ್ಕ ಅದು ಒಳ್ಳೆ ಸಾಕ್ಷಿ.

ಈಗ ನೀರು ಹುಡುಕೋ ಕೆಲಸ. ಇದ್ರಾಗ ನಮ್ಮ ಬಿಸಿಲೇ ನಮಗ ದೊಡ್ಡ ಅನುಕೂಲ, ಮಂಗಳೂರು ಕಡಿಯವರಿಗೆ ಇದು ಸಿಗಂಗಿಲ್ಲ. ಕಲಬುರಗಿಯಾಗ ಮಳಿ ಜೂನ್‌ದಿಂದ ಅಕ್ಟೋಬರ್ ನಡುವ, ಅದ್ರಾಗೂ ಸೆಪ್ಟೆಂಬರ್ ಜೋರು, ಆಮ್ಯಾಲ ಗಾಳಿ ಒಣಗ್ತಾ ಹೋಗ್ತದ, ಏಪ್ರಿಲ್ ಮೇ ಬಂದ್ರ 42 ಡಿಗ್ರಿ ಅನ್ನೋದು ಸುದ್ದಿನೇ ಅಲ್ಲ. ಮಳಿಯಾಗ ಬಂದ ಕಲಿ ಸಂಕ್ರಾಂತಿ ಹೊತ್ತಿಗೆ ಒಣಗಿ ನಿಂತದ, ಬೆಳಿಲತ್ತಿಲ್ಲ ಅಂದ್ರ ಅದು ಮಳಿ ನೀರು, ಅಂದ್ರ ಛತ್ತು, ಪ್ಯಾರಪೆಟ್ ಸಂದಿ, ಹೊರಗಿನ ಗ್ವಾಡಿ ಬಿರುಕು. ಎರಿ ಭೂಮಿ ಮ್ಯಾಲ ಕಟ್ಟಿದ ಮನಿಗಳಿಗೆ ಈ ಬಿರುಕು ಹೊಸದಲ್ಲ, ಕರಿ ಮಣ್ಣು ಮಳಿಗೆ ಉಬ್ತದ ಬ್ಯಾಸಿಗಿಗೆ ಕುಗ್ತದ, ಗ್ವಾಡಿ ಅದ್ರ ಜೋಡಿ ಎದ್ದು ಕುಂತು ಮಾಡ್ತದ. ಆದ್ರ ಏಪ್ರಿಲ್‌ದಾಗೂ ಗ್ವಾಡಿ ಹಸಿ ಇದ್ದು ಬೂಷ್ಟು ಹೊಸದಾಗಿ ಹಬ್ಲತ್ತದ ಅಂದ್ರ ಮಳಿಗೆ ಬೈದು ಉಪಯೋಗಿಲ್ಲ, ನೀರು ಮನಿಯೊಳಗಿಂದೇ ಬರ್ಲತ್ತದ, ಪೈಪು, ನಹಾನಿ ಟ್ರ್ಯಾಪ್ (ಬಾತ್‌ರೂಮ್ ನೆಲದಾಗ ನೀರು ಹೋಗೋ ಜಾಲಿ ಕೆಳಗಿನ ಡಬ್ಬಿ), ಟಾಕಿ, ಇಲ್ಲಾ ಕೂಲರ್.

ಕೂಲರ್ ಅಂದ ಕೂಡ್ಲೆ ಯಾರೂ ಒಪ್ಪಂಗಿಲ್ಲ. ಲೆಕ್ಕ ಹಾಕ್ರಿ, 40 ಲೀಟರ್ ಟ್ಯಾಂಕ್ ತುಂಬಿಸಿ ಮಲಗ್ತೀರಿ, ಮುಂಜಾನಿ ಖಾಲಿ, ಆ ನೀರು ಎಲ್ಲಿ ಹೋತು? ಪೂರಾ ರೂಮಿನ ಗಾಳಿಯಾಗ. ಕೂಲರ್ ಇರೋದೇ ಹೊರಗಿನ ಒಣ ಗಾಳಿ ಎಳದು, ಒದ್ದಿ ಮಾಡಿ, ಇನ್ನೊಂದು ಕಿಟಕಿಯಿಂದ ಹೊರಗ ಹಾಕ್ಲಾಕ. ತಂಪು ಹೊರಗ ಹೋಗ್ತದ ಅಂತ ಕಿಟಕಿ ಬಾಗಲಾ ಎಲ್ಲಾ ಬಂದ್ ಮಾಡಿದ್ರ ಸೆಖೆನೂ ಆಗ್ತದ, ಅಲ್ಮಾರಿಯಾಗಿನ ಮದಿವಿ ಸೀರಿ, ಚರ್ಮದ ಬೆಲ್ಟು ಬ್ಯಾಗಿಗೆ ಬೂಷ್ಟೂ ಬರ್ತದ. ಹೊರಗ ಅಷ್ಟು ಒಣ ಗಾಳಿ ಬೀಸೋ ಊರಾಗ ಬ್ಯಾಸಿಗಿಯೊಳಗ ಬೂಷ್ಟು! ಇದಕ್ಕ ಯಾವ ಕಾಂಟ್ರ್ಯಾಕ್ಟರೂ ಬ್ಯಾಡ, ಎದುರಿನ ಕಿಟಕಿ ಒಂದು ಗೇಣು ತೆಗೀರಿ, ಅಲ್ಮಾರಿ ಗ್ವಾಡಿ ಬಿಟ್ಟು ಸ್ವಲ್ಪ ಮುಂದ ಸರಿಸ್ರಿ, ಹಳೇ ವಾಸನಿ ಹುಲ್ಲಿನ ಪ್ಯಾಡ್ ಬದಲಿ ಮಾಡ್ರಿ.

ಬ್ಯಾಸಿಗಿ ಲೆಕ್ಕ ಎಲ್ಲಾ ಕಡಿ ನಡಿಯಂಗಿಲ್ಲ ಅನ್ನೋದೂ ಹೇಳಬೇಕು. ಯಾದಗಿರಿ ಜಿಲ್ಲಾದಾಗ ಸುರಪುರ, ಶಹಾಪುರ ಕಡಿ ನಾರಾಯಣಪುರ ಎಡದಂಡಿ ಕಾಲುವಿ ನೀರು ಹರಿಯೋ ಊರಾಗ, ಸುತ್ತ ಭತ್ತದ ಗದ್ದಿ ಇದ್ದಲ್ಲಿ, ಮಳಿ ಇಲ್ಲದಾಗೂ ನೆಲ ಹಸಿ ಇರ್ತದ, ಮನಿ ಬುಡದಿಂದ ನೀರು ಏರ್ತದ. ಬೀದರ್‌ದಾಗ ಮತ್ತೊಂದು ಕಥಿ, ಊರು ಕುಂತಿರೋದೇ ಕೆಂಪು ಜಂಬಿಟ್ಟಿಗಿ ಕಲ್ಲಿನ ಮ್ಯಾಲ, ಬಹಮನಿ ಕಾಲದವರು ನೌಬಾದ್ ಕಡಿ ಆ ಕಲ್ಲು ಕೊರದು ಸುರಂಗದಾಗ ನೀರು ಹರಿಸಿದ್ರು. ತೂತು ತೂತಾದ ಆ ಕಲ್ಲಿನಾಗ ನೀರು ಸಲೀಸಾಗಿ ಜಿನುಗ್ತದ ಅಂತ ಅವರಿಗೆ ಗೊತ್ತಿತ್ತು, ಅದೇ ಕಲ್ಲಿನಾಗ ಗ್ವಾಡಿ ಕಟ್ಟಿ ಹೊರಗ ಬರೇ ಪೇಂಟ್ ಬಳದು ಒಳಗ ತೇವ ಯಾಕ ಅಂತ ಕೇಳಿದ್ರ ಹ್ಯಾಂಗ?

ಕಲಿ ಎಲ್ಲಿ ಕುಂತದ ಅನ್ನೋದೂ ಅರ್ಧ ಉತ್ತರ ಹೇಳ್ತದ. ನೆಲದಿಂದ ಎರಡು ಮೂರು ಅಡಿ ತನಕ ಅಲಿಯಂಥ ಗೆರಿ, ಅದ್ರ ಮ್ಯಾಲ ಒಣಾ, ಉಪ್ಪು ಬಿಟ್ಟದ ಅಂದ್ರ ನೆಲದ ನೀರು. ಛತ್ತಿನ ಮೂಲ್ಯಾಗ ಅಂದ್ರ ಮ್ಯಾಲಿಂದ. ಗ್ವಾಡಿ ನಡುಮಧ್ಯ, ಆ ಕಡಿ ಬಾತ್‌ರೂಮ್ ಇಲ್ಲಾ ಅಡಗಿ ಮನಿ ಅದ ಅಂದ್ರ ಪೈಪು. ಹೊರಗಿನ ಗ್ವಾಡಿಗ ಅಂಟಿಸಿಟ್ಟ ಮಂಚ, ಅಲ್ಮಾರಿ ಹಿಂದ ಮಾತ್ರ ಅಂದ್ರ ಗಾಳಿ ಆಡಂಗಿಲ್ಲ ಅಷ್ಟೇ. ಡೌಟ್ ಇದ್ರ ರೊಟ್ಟಿ ಸುತ್ತೋ ಸಿಲ್ವರ್ ಫಾಯಿಲ್ ಒಂದೂವರಿ ಅಡಿ ಹರದು ಗ್ವಾಡಿಗ ಇಟ್ಟು ನಾಕೂ ಕಡಿ ಟೇಪ್ ಹಚ್ರಿ, ಒಂದು ದಿನ ಬಿಟ್ಟು ಬಿಚ್ರಿ. ಗ್ವಾಡಿ ಕಡಿ ಹನಿ ಇದ್ರ ನೀರು ಗ್ವಾಡಿಯೊಳಗಿಂದ, ರೂಮಿನ ಕಡಿ ಹನಿ ಇದ್ರ ಹಬಿ, ಉಸಿರು, ಕೂಲರ್ ಗಾಳಿಯಿಂದ. ಪೈಪಿನ ಡೌಟ್ ಇದ್ರ ರಾತ್ರಿ ಎಲ್ಲಾರೂ ಮಲಗೋ ಮುಂದ ಛತ್ತಿನ ಟಾಕಿಯಾಗ ನೀರಿನ ಮಟ್ಟಕ್ಕ ಗುರುತು ಹಾಕ್ರಿ, ಯಾವ ನಳಾನೂ ತೆಗೀದೇ ಮುಂಜಾನಿ ನೋಡಿದಾಗ ಇಳದಿದ್ರ ಎಲ್ಲೋ ಸೋರ್ಲತ್ತದ. ಆದ್ರ ಇದು ಬರೋ ನೀರಿನ ಪೈಪಿಗೆ ಮಾತ್ರ. ಹೋಗೋ ನೀರಿನ ಪೈಪ್ ಒಡದಿದ್ರ ಟಾಕಿಯಾಗ ಗೊತ್ತಾಗಂಗಿಲ್ಲ, ಅದು ಜಳಕ ಮಾಡಿದಾಗ ಮಾತ್ರ ಸೋರೋದು, ಅದಕ್ಕ ಒಂದು ವಾರ ಆ ಬಾತ್‌ರೂಮ್ ಬಂದ್ ಮಾಡಿ ಗ್ವಾಡಿ ಮುಟ್ಟಿ ಮುಟ್ಟಿ ನೋಡಬೇಕು.

ನಮ್ಮ ಬಾಜು ಮನಿಯವರದು ಇದೇ ಆಗಿತ್ತು. ಬೆಡ್‌ರೂಮ್ ಗ್ವಾಡಿ, ಆ ಕಡಿ ಬಾತ್‌ರೂಮ್. ಪೇಂಟರ್ ಬಂದ, ಕೆರದ, ಪುಟ್ಟಿ ತುಂಬಿದ, ಡ್ಯಾಂಪ್‌ಪ್ರೂಫ್ ಅಂತ ಡಬ್ಬಿ ತೋರಿಸಿ ಎರಡು ಕೋಟ್ ಹೊಡದ. ಮರುವರ್ಷ ಅದೇ ಜಾಗ ಉಬ್ಬಿ ಚಪಾತಿಯಂಗ ಎದ್ದು ಬಂತು, ಮತ್ತ ಅವನೇ ಬಂದು ಮತ್ತ ಅದೇ ಮಾಡಿದ. ಆಮ್ಯಾಲ ಯಾರೋ ಹೇಳಿ ಒಬ್ಬ ವಯಸ್ಸಾದ ಗೌಂಡಿನ ಕರಸಿದ್ರು. ಅಂವ ಬೆಡ್‌ರೂಮಿನ ಕಲಿ ಕಡಿ ಒಂದು ಸಲಿ ನೋಡಿ ಸೀದಾ ಬಾತ್‌ರೂಮಿಗೆ ಹೋಗಿ ಕುಕ್ಕರಗಾಲಿಲೆ ಕುಂತ, ಕರಣಿ ಹಿಡಿಕಿಲೆ ಒಂದೊಂದೇ ಟೈಲ್ಸ್ ತಟ್ಲಾಕ ಶುರು ಮಾಡಿದ, ಟಕ್ ಟಕ್ ಟಕ್, ನಹಾನಿ ಟ್ರ್ಯಾಪ್ ಹತ್ರ ಬಂದಾಗ ಸಪ್ಪಳ ಬದಲಿ ಆತು. “ಅಕ್ಕಾರ, ಇಲ್ಲಿ ಕೇಳ್ರಿ, ಪೊಳ್ಳ ಅದ” ಅಂದ. ಆ ಅಕ್ಕ, “ಅಣ್ಣಾ, ಹಂಗಂದ್ರ ಬಾತ್‌ರೂಮ್ ಪೂರಾ ಒಡೀಬೇಕೇನೋ?” ಅಂತ ಗಾಬರಿ ಆದ್ರು. “ಯಾಕ್ರೀ ಪೂರಾ, ನಾಕು ಟೈಲ್ಸ್ ತೆಗದ್ರ ಸಾಕು” ಅಂದು ತೆಗದ್ರ, ಟ್ರ್ಯಾಪಿಗೂ ಪೈಪಿಗೂ ನಡುವಿನ ಜಾಯಿಂಟ್ ಬಿಟ್ಟು ಕೆಳಗಿನ ಮಸಾಲಿ ಎಲ್ಲಾ ಕರಿ ಕೆಸರಾಗಿತ್ತು. ಸರಿ ಮಾಡಿ, ನೀರು ನಿಲ್ಲಿಸಿ ನೋಡಿ, ಹೋಗೋ ಮುಂದ ಅಂವ ಹೇಳಿದ್ದು ನನಗ ಭಾಳ ಸೇರ್ತು: “ಈಗ ಗ್ವಾಡಿಗ ಏನೂ ಹಚ್ಚಬ್ಯಾಡ್ರಿ, ಉಬ್ಬಿದ್ದು ಕೆರದು ಹಂಗೇ ಬಿಡ್ರಿ, ಯುಗಾದಿ ಆದ ಮ್ಯಾಲ ಬಣ್ಣ ಹಚ್ರಿ.”

ಈ ಕಾಯೋ ಮಾತು ಯಾರೂ ಕೇಳಂಗಿಲ್ಲ. ಮಹಾನವಮಿ ದೀಪಾವಳಿ ಬಂತಂದ್ರ ಮನಿ ಬಣ್ಣ ಆಗಬೇಕು, ಆದ್ರ ಅದೇ ಹೊತ್ತಿಗೆ ಗ್ವಾಡಿ ಮಳಿಗಾಲ ಪೂರಾ ಕುಡದ ನೀರು ಹೊಟ್ಟ್ಯಾಗ ಇಟ್ಕೊಂಡು ನಿಂತಿರ್ತದ. ಹಳೇ ಮನಿಗೆ ಸುಣ್ಣ ಹಚ್ಚೋ ಕಾಲಕ್ಕ ಇದು ನಡೀತಿತ್ತು, ಸುಣ್ಣದ ಖಾರಕ್ಕ ಬೂಷ್ಟು ಅಷ್ಟು ಸುಲಭಕ್ಕ ಹತ್ತಂಗಿಲ್ಲ, ಗ್ವಾಡಿಯೊಳಗಿನ ನೀರೂ ಸುಣ್ಣ ದಾಟಿ ಹೊರಗ ಆರ್ತಿತ್ತು. ಈಗಿನ ಪ್ಲಾಸ್ಟಿಕ್ ಪೇಂಟ್ ಆ ನೀರನ್ನ ಒಳಗೇ ಮುಚ್ತದ. ಹಬ್ಬಕ್ಕ ಬಣ್ಣ ಬೇಕೇ ಬೇಕಂದ್ರ ಒಣಾ ಇರೋ ಗ್ವಾಡಿಗಷ್ಟೇ ಹಚ್ರಿ, ಹಸಿ ಗ್ವಾಡಿನ ಮಾರ್ಚ್ ಏಪ್ರಿಲ್‌ಗೆ ಇಡ್ರಿ.

ನೀವೇ ತೊಳಿಯೋದಾದ್ರ ದೊಡ್ಡ ವಿದ್ಯಾ ಏನಿಲ್ಲ. ಫ್ಯಾನ್ ಬಂದ್, ಕಿಟಕಿ ತೆರದು, ಎನ್95 ಮಾಸ್ಕ್, ರಬ್ಬರ್ ಕೈಗವಸು, ಕಣ್ಣಿಗೆ ಗಾಗಲ್, ಸಣ್ಣ ಮಕ್ಕಳನ್ನ ದಮ್ಮಿನವರನ್ನ ಹೊರಗ ಕಳ್ಸಿ. ಒಣಾ ಇದ್ದಾಗ ಕೆರೀಬ್ಯಾಡ್ರಿ, ಪುಡಿ ಮನಿತುಂಬ ಹಾರ್ತದ. ಮೊದಲ ಸಾಬೂನು ನೀರು ಒರಸಿ ಒದ್ದಿ ಮಾಡಿ, ಬ್ರಷ್‌ಲೆ ತಿಕ್ಕಿ, ಅರಿವಿಲೆ ತೆಗದು, ಆಮ್ಯಾಲ ಪೂರಾ ಒಣಗಸ್ರಿ. ಬ್ಲೀಚಿಂಗ್ ನೀರು ಟೈಲ್ಸ್ ಮ್ಯಾಲ ಕೆಲಸ ಮಾಡ್ತದ, ಪ್ಲಾಸ್ಟರ್ ಮ್ಯಾಲ ಅಷ್ಟಕ್ಕಷ್ಟೇ, ಮ್ಯಾಲ ಬಿಳಿಯಾಗಿ ಕಾಣ್ತದ, ನೀರು ಒಳಗ ಇಳೀತದ. ಇಪಿಎನೂ ಬೂಷ್ಟು ಕಂಡಲ್ಲೆಲ್ಲಾ ಬ್ಲೀಚ್ ಹಾಕ್ರಿ ಅಂತ ಹೇಳಂಗಿಲ್ಲ, ಸತ್ತ ಬೂಷ್ಟೂ ಅಲರ್ಜಿ ಮಾಡ್ತದ, ಅದಕ್ಕ ಕೊಲ್ಲೋದಕಿಂತ ತೆಗಿಯೋದು ಮುಖ್ಯ. ಮತ್ತ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಬ್ಲೀಚಿಂಗ್ ಹಾಕಿದ ಮ್ಯಾಲ ಕಲಿ ಹೋಗ್ಲಿಲ್ಲ ಅಂತ ಅದ್ರ ಮ್ಯಾಲ ಟಾಯ್ಲೆಟ್ ತೊಳಿಯೋ ಆಸಿಡ್ ಸುರೀಬ್ಯಾಡ್ರಿ, ಎರಡೂ ಕೂಡಿದ್ರ ಕ್ಲೋರಿನ್ ಗ್ಯಾಸ್ ಬರ್ತದ, ಬಂದ್ ಬಾತ್‌ರೂಮಿನಾಗ ಅದು ಬೂಷ್ಟಿಗಿಂತ ಎಷ್ಟೋ ಪಟ್ಟು ಅಪಾಯ.

ಹಂಗಾದ್ರ ಯಾವಾಗ ಕೈ ಹಚ್ಚಬಾರದು? ಸ್ವಿಚ್ ಬೋರ್ಡ್ ಸುತ್ತ ಹಸಿ ಇದ್ರ, ಗ್ವಾಡಿ ಮುಟ್ಟಿದ್ರ ಜುಮ್ ಅಂದ್ರ, ಬೂಷ್ಟು ಮರೀರಿ, ಮೇನ್ ಇಳಿಸಿ ಎಲೆಕ್ಟ್ರಿಷಿಯನ್‌ನ ಕರೀರಿ, ಅದು ಅವತ್ತೇ ಆಗಬೇಕಾದ ಕೆಲಸ. ಛತ್ತಿನ ಪ್ಲಾಸ್ಟರ್ ಚಕ್ಕಿ ಬಿದ್ದು ತುಕ್ಕು ಹಿಡಿದ ಕಬ್ಬಿಣದ ರಾಡು ಕಾಣ್ಲತ್ತದ ಅಂದ್ರ ಗೌಂಡಿನೂ ಸಾಲಂಗಿಲ್ಲ, ಸಿವಿಲ್ ಎಂಜಿನಿಯರ್ ನೋಡಬೇಕು, ರಾಡು ತುಕ್ಕು ಹಿಡದು ಉಬ್ಬಿ ಕಾಂಕ್ರೀಟ್ ಒಡೀತದ, ಅಲ್ಲಿ ಕರಿ ಕಲಿ ತೊಳಕೋತ ಕುಂತ್ರ ತಲಿ ಮ್ಯಾಲ ಬೀಳೋದು ಬ್ಯಾರೇನೇ. ಫಾಲ್ಸ್ ಸೀಲಿಂಗಿನ ಮ್ಯಾಲಕಡಿ, ಸಂಡಾಸ್ ಪೈಪ್ ಒಡದು ಹೊಲಸು ನೀರು ಬಂದ ಜಾಗ, ಸೆಂಟ್ರಲ್ ಎಸಿ ಡಕ್ಟಿನ ಒಳಗ, ಇವು ಮನಿಯವರ ಕೆಲಸ ಅಲ್ಲ. ನೀರಿನ ಮೂಲ ಸರಿ ಮಾಡೀವಿ ಅಂದ್ಕೊಂಡು ತೊಳದ ಮ್ಯಾಲೂ ಅದೇ ಜಾಗಕ್ಕ ತಿರಗಿ ಬಂದ್ರ ಮೂಲ ಸಿಕ್ಕಿಲ್ಲ ಅಂತ ಅರ್ಥ, ಆಗ ಮೂಲ ಹುಡುಕೋದು ಗೊತ್ತಿರೋನನ್ನ ಕರೀರಿ. ಮತ್ತ ಕಣ್ಣಿಗೆ ಏನೂ ಕಾಣಂಗಿಲ್ಲ, ಆದ್ರ ರೂಮಿಗೆ ಹೋದ ಕೂಡ್ಲೆ ಹಳೇ ಗೋಣಿಚೀಲದ ವಾಸನಿ ಬರ್ತದ ಅಂದ್ರ ಪ್ಲೈವುಡ್ ಪ್ಯಾನೆಲ್ ಹಿಂದ ಇರ್ತದ, ಕಾರ್ಪೆಂಟರ್‌ನ ಕರಸಿ ಬಿಚ್ಚಿಸ್ರಿ.

ಹೊಳಿ ನೀರು ನುಗ್ಗಿದ ಮನಿ ಪೂರಾ ಬ್ಯಾರೆ ಲೆಕ್ಕ, ಅಲ್ಲಿ ಚದರ ಅಡಿ ಮಾತೇ ಇಲ್ಲ. ಆ ನೀರಿನಾಗ ಗಟಾರ, ಸಂಡಾಸ್ ಗುಂಡಿ, ಸತ್ತ ದನಾ, ಹೊಲದ ಔಷಧ ಎಲ್ಲಾ ಕೂಡಿರ್ತದ. ಒದ್ದಿಯಾದದ್ದು 24ರಿಂದ 48 ತಾಸಿನ್ಯಾಗ ಒಣಗಿದ್ರ ಬೂಷ್ಟು ಬರಂಗಿಲ್ಲ ಅನ್ನೋ ಮಾತು ಅದ, ಆದ್ರ ಊರೇ ಕಾಳಜಿ ಕೇಂದ್ರದಾಗ ಇದ್ದಾಗ ಯಾರು ಒಣಗಸ್ತಾರ? ಅದಕ್ಕ ಹತ್ತಿ ಗಾದಿ, ದಿಂಬು, ಪ್ಲೈವುಡ್ ಕಪಾಟು ಉಳಿಸೋ ಆಸಿ ಬಿಡಬೇಕು, ಮನಸಿಗೆ ಕಷ್ಟ ಆದ್ರೂ. ಸ್ಟೀಲ್, ಕಲ್ಲು, ಗಟ್ಟಿ ಸಾಗವಾನಿ ಕಟ್ಟಿಗಿ ತೊಳದು ಬಿಸಲಿಗೆ ಇಡಬಹುದು. ಜ್ವಾಳ, ಶೇಂಗಾ ಚೀಲಕ್ಕ ಬೂಷ್ಟು ಹತ್ತಿದ್ರ ತೊಳದು ಒಣಗಿಸಿ ತಿನ್ನೋದು ಬ್ಯಾಡ, ದನಕ್ಕೂ ಹಾಕಬ್ಯಾಡ್ರಿ, ಅದ್ರಾಗ ಬರೋ ಅಫ್ಲಾಟಾಕ್ಸಿನ್ ಬೇಯಿಸಿದ್ರೂ ಹೋಗಂಗಿಲ್ಲ, ದನದ ಹಾಲಿಗೂ ಇಳೀತದ. ಗ್ವಾಡಿ ಒಣಗೋದಕ್ಕ ಒಂದು ಇಂಚು ದಪ್ಪಕ್ಕ ಒಂದು ತಿಂಗಳು ಅನ್ನೋದು ಕಟ್ಟಡದವರ ಹಳೇ ಅಂದಾಜು. ನಮ್ಮ ಹಳ್ಳಿ ಕಲ್ಲಿನ ಗ್ವಾಡಿ ಒಂದೂವರಿ ಅಡಿ, ಎರಡು ಅಡಿ ದಪ್ಪ, ಮಣ್ಣಿನ ಮಸಾಲಿ. ಬಿಸಲು ಗಾಳಿ ಎರಡೂ ಕಡಿಯಿಂದ ಬಡದ್ರ ಲಗೂ ಆಗಬಹುದು, ಆದ್ರೂ ಪರಿಹಾರದ ರೊಕ್ಕ ಬಂತು ಅಂತ ಎರಡೇ ತಿಂಗಳಿಗೆ ಸಿಮೆಂಟ್ ಗಿಲಾಯಿ ಮಾಡಿಸಿದ್ರ ನೀರು ಒಳಗ ಸಿಗಬಿದ್ದು ಮಣ್ಣಿನ ಮಸಾಲಿ ಮೆತ್ತಗಾಗ್ತದ. ಗ್ವಾಡಿ ಹೊಟ್ಟಿ ಬಂದದ, ವಾಲ್ಯದ ಅನ್ನಿಸಿದ್ರ ಒಳಗ ಹೋಗೋ ಮೊದಲೇ ಎಂಜಿನಿಯರ್‌ಗೆ ತೋರಸ್ರಿ.

ಯಾರು ಆ ಮನ್ಯಾಗ ಇರ್ತಾರ ಅನ್ನೋದು ಮ್ಯಾಲಿನ ಎಲ್ಲಾ ಲೆಕ್ಕ ತಿರುವಿ ಹಾಕ್ತದ. ಗಟ್ಟಿ ಮನಷ್ಯಾಗ ಬರೇ ಮೂಗು ಕಟ್ಟಿ ಬಿಟ್ಟೀತು, ದಮ್ಮಿನವರಿಗೆ ಅದೇ ರೂಮು ರಾತ್ರಿಪೂರಾ ಕೆಮ್ಮು. ಹಿಂದ ಟಿಬಿ ಆಗಿ ಶ್ವಾಸಕೋಶದಾಗ ಗುಂಡಿ ಉಳದವರಿಗೆ ಆಸ್ಪರ್ಜಿಲಸ್ ಅಲ್ಲೇ ಮನಿ ಮಾಡ್ಕೋತದ, ಟಿಬಿ ಇಷ್ಟು ಕಂಡ ನಮ್ಮ ದೇಶದಾಗ ಇದು ಸಣ್ಣ ಮಾತಲ್ಲ. ಕಿಮೋ ನಡೆದವರು, ಕಿಡ್ನಿ ಬದಲಿ ಮಾಡಿಸ್ಕೊಂಡವರು, ಕೂಸು ಇದ್ದ ಮನ್ಯಾಗ ಎರಡು ಅಡಿ ಬೂಷ್ಟಿಗೂ ಅವರನ್ನ ಬ್ಯಾರೆ ರೂಮಿಗೆ ಕಳಿಸಿ, ಕೂಲಿಯವರ ಕಡಿಂದ ಮಾಡಿಸೋದೇ ಛಲೋ, ಬ್ಯಾನಿ ಇದ್ದವರ ಕೈಗೆ ಬ್ರಷ್ ಕೊಡೋ ಮಾತೇ ಬ್ಯಾಡ. ಕೆಮ್ಮು, ಉಬ್ಬಸ ಆ ಮನಿ ಬಿಟ್ಟು ಊರಿಗೆ ಹೋದಾಗ ಕಮ್ಮಿ ಆಗಿ ಬಂದ ಮ್ಯಾಲ ತಿರಗಿ ಹತ್ತಿದ್ರ, ಅದನ್ನ ಡಾಕ್ಟರ್‌ಗೆ ಬಾಯಿಬಿಟ್ಟು ಹೇಳ್ರಿ, ಅವರಾಗೇ ಮನಿ ಗ್ವಾಡಿ ಬಗ್ಗೆ ಕೇಳೋದು ಕಮ್ಮಿ.

ಇಂಗ್ಲೆಂಡಿನ ರೋಚ್‌ಡೇಲ್‌ದಾಗ ಅವಾಬ್ ಇಶಾಕ್ ಅನ್ನೋ ಎರಡು ವರ್ಷದ ಕೂಸು 2020ರ ಡಿಸೆಂಬರ್‌ದಾಗ ತೀರ್ಕೊಂತು, ಬಾಡಿಗಿ ಫ್ಲ್ಯಾಟಿನ ಬೂಷ್ಟೇ ಕಾರಣ ಅಂತ 2022ರ ನವೆಂಬರ್‌ದಾಗ ಅಲ್ಲಿನ ವಿಚಾರಣಾಧಿಕಾರಿ ಹೇಳಿದ್ರು. ಅಪ್ಪ 2017ರಿಂದಲೇ ಕಂಪ್ಲೇಂಟ್ ಕೊಟ್ಟಿದ್ದ, ಮನಿ ಕೊಟ್ಟ ವಸತಿ ಸಂಸ್ಥೆಯವರು ಪೇಂಟ್ ಹಚ್ಕೋ ಅಂದಿದ್ರಂತ, ನೀವು ಇರೋ ರೀತಿನೇ ಸರಿಯಿಲ್ಲ ಅನ್ನೋ ಧಾಟಿ ಬ್ಯಾರೆ. ಆ ಕೂಸಿನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಅಲ್ಲಿ ಸಾಮಾಜಿಕ ವಸತಿ ಮನಿಗಳಿಗೆ (ಸ್ಥಳೀಯ ಸರ್ಕಾರ, ವಸತಿ ಸಂಸ್ಥೆಗಳು ಕಮ್ಮಿ ಬಾಡಿಗಿಗೆ ಕೊಡೋ ಮನಿ) ಜಾರಿ ಆಗ್ಯದ, ಗಂಭೀರ ತೇವ, ಬೂಷ್ಟಿನ ದೂರು ಬಂದ್ರ 10 ಕೆಲಸದ ದಿನದೊಳಗ ತಪಾಸಣಿ, ತುರ್ತು ಇದ್ರ 24 ತಾಸು. ನಮ್ಮ ಬಾಡಿಗಿ ಮನಿ, ಪಿಜಿ, ಹಾಸ್ಟೆಲ್ ಓನರ್‌ಗಳು ಹೇಳೋದೂ ಅದೇ, “ಕಿಟಕಿ ತೆರೀರಿ, ಅರಿವಿ ಒಳಗ ಒಣ ಹಾಕಬ್ಯಾಡ್ರಿ.” ಅರ್ಧ ಖರೇ, ಹಬಿಯಿಂದ ಬಂದದ್ದಾದ್ರ ಬಾಡಿಗಿಯವರೇ ನೋಡ್ಕೋಬೇಕು. ಪೈಪು, ಛತ್ತು, ನೆಲದ ನೀರಾದ್ರ ಓನರ್ ಕೆಲಸ. ಮ್ಯಾಲ ಹೇಳಿದ ಫಾಯಿಲ್ ಅದಕ್ಕೂ ಕೆಲಸಕ್ಕ ಬರ್ತದ, ಬಿಚ್ಚಿದಾಗ ಫೋಟೋ ತಾರೀಖು ಸಮೇತ ಹೊಡದು ಓನರ್‌ಗೆ ವಾಟ್ಸಾಪ್ ಮಾಡ್ರಿ, ಅಡ್ವಾನ್ಸ್ ವಾಪಸ್ ಕೇಳೋ ಮುಂದನೂ ಬೇಕಾಗ್ತದ.

ಇನ್ನ ಕಾಂಟ್ರ್ಯಾಕ್ಟರ್ ಜೋಡಿ ಮಾತು. ಬಂದವನಿಗೆ ಮೊದಲ ಕೇಳ್ರಿ, ನೀರು ಎಲ್ಲಿಂದ ಬರ್ಲತ್ತದ, ಹ್ಯಾಂಗ ಗೊತ್ತಾತು ಅಂತ. ಅದಕ್ಕ ಉತ್ತರ ಕೊಡದೇ ಕೆಮಿಕಲ್ ಹೆಸರು, ಚದರ ಅಡಿ ರೇಟು ಶುರು ಮಾಡಿದ್ರ ಚಹಾ ಕುಡಿಸಿ ಕಳಿಸಿಬಿಡ್ರಿ. ಛತ್ತಿನಿಂದ ಸೋರೋದನ್ನ ಒಳಗಿನ ಗ್ವಾಡಿಗ ಕೋಟ್ ಹೊಡದು ನಿಲ್ಲಸ್ತೀನಿ ಅನ್ನೋನನ್ನೂ ಅಷ್ಟೇ. ಛತ್ತಿನ ವಾಟರ್‌ಪ್ರೂಫಿಂಗ್ ಮಾಡಿಸಿದ್ರ ಸುತ್ತ ಸಣ್ಣ ಒಡ್ಡು ಕಟ್ಟಿ 24ರಿಂದ 48 ತಾಸು ನೀರು ನಿಲ್ಲಿಸಿ ಕೆಳಗ ನೋಡ್ರಿ, ಆದ್ರ 10 ಅಡಿಗೆ 10 ಅಡಿ ಜಾಗದಾಗ ಒಂದೇ ಇಂಚು ನೀರು ನಿಂತ್ರೂ ಹತ್ರತ್ರ 236 ಕಿಲೋ ಭಾರ, ಹಳೇ ಛತ್ತಿಗೆ ರಾಡು ಕಾಣೋ ಸ್ಲ್ಯಾಬಿಗೆ ಈ ಪರೀಕ್ಷಾ ಬ್ಯಾಡ. ಕೊನಿ ಕಂತಿನ ರೊಕ್ಕ, ಐದನೇ ಒಂದು ಪಾಲಾದ್ರೂ, ಮುಂದಿನ ಸೆಪ್ಟೆಂಬರ್ ದಾಟೋ ತನಕ ಕೊಡಂಗಿಲ್ಲ ಅಂತ ಮೊದಲೇ ಕಾಗದದ ಮ್ಯಾಲ ಬರಸ್ಕೋರಿ. ಹತ್ತು ವರ್ಷದ ಗ್ಯಾರಂಟಿ ಕಾರ್ಡು ಕೊಡ್ತೀನಿ ಅಂತಾನ, ಈ ಒಂದು ಮಳಿಗಾಲದ ಮಾತಿಗೆ ಮಾತ್ರ ಮುಖ ಸಣ್ಣ ಮಾಡ್ತಾನ. ಒಪ್ಕೊಂಡವನಿಗೆ ಕೆಲಸ ಕೊಡ್ರಿ.